ಕೆಲಸದ ಜಾಗದ ಗದ್ದಲ: ಸದ್ದು ತಾಳದವರು ಏನು ಮಾಡಬೇಕು?



ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಸಂಘಗಳ ಸಭೆಯಲ್ಲಿ ಕೆಲಸದ ಕಷ್ಟ ಅಂದರೆ ಕೂಲಿ, ಬೆನ್ನುನೋವು, ಮೇಸ್ತ್ರಿಯ ಬೈಗುಳ, ಇವೇ ಮಾತು. ಈಗ ಮಾತು ಸ್ವಲ್ಪ ಬದಲಾಗಿದೆ. ಸಂಘದ ಲೆಕ್ಕ ಬರೆಯುತ್ತಾ ಕಂಪ್ಯೂಟರ್ ಕಲಿತವರು ಸೊಸೈಟಿಯಲ್ಲಿ, ಪಂಚಾಯಿತಿಯಲ್ಲಿ, ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ, ಸಾಲ ಕೊಡುವ ಕಂಪನಿಗಳಲ್ಲಿ ಕೂತಿದ್ದಾರೆ. ನಿಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಬೆಂಗಳೂರು, ಮೈಸೂರು, ಮಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ಇದ್ದಾರೆ. ಫ್ಯಾನಿನ ಕೆಳಗೆ, ಕುರ್ಚಿಯ ಮೇಲೆ ಕೆಲಸ. ಮನೆಯವರಿಗೆ ಅದು ಸುಖದ ಕೆಲಸ. ಅಲ್ಲಿ ಕೂತವರನ್ನು ಕೇಳಿದರೆ ಬೇರೆ ಕಷ್ಟ ಹೇಳ್ತಾರೆ. ಅದರಲ್ಲಿ ಒಂದು, ನಾವು ಇಷ್ಟು ದಿನ ಸಭೆಯಲ್ಲಿ ಎತ್ತಿಕೊಳ್ಳದ ಕಷ್ಟ, ಗದ್ದಲ.

ಗದ್ದಲ ಎಲ್ಲಿಲ್ಲ ಅಂತ ನೀವು ಕೇಳಬಹುದು. ಹೌದು, ಎಲ್ಲ ಕಡೆ ಇದೆ. ಆದರೆ ಒಂದೇ ಹಾಲಿನಲ್ಲಿ ಕೂತ ಹತ್ತು ಜನರಲ್ಲಿ ಎಂಟು ಜನ ಸಂಜೆ ನಗುನಗುತ್ತಾ ಬಸ್ಸು ಹತ್ತುತ್ತಾರೆ, ಇಬ್ಬರು ತಲೆ ಹಿಡಿದುಕೊಂಡು ಬರುತ್ತಾರೆ. ಆ ಇಬ್ಬರಿಗೆ ನಾವೆಲ್ಲ ಕೊಡುವ ಹೆಸರು ಏನು? ನಾಜೂಕು. ದಿಮಾಕು. ಕೆಲಸಗಳ್ಳಿ. ಈ ಪಾಠ ಆ ಇಬ್ಬರಿಗಾಗಿ, ಮತ್ತು ಅವರ ಪಕ್ಕ ಕೂರುವ ಉಳಿದ ಎಂಟು ಜನರಿಗಾಗಿ.

ಒಬ್ಬ ಸದಸ್ಯೆಯ ವಿಷಯ

ನಮ್ಮ ಒಂದು ಸಂಘದ ಸದಸ್ಯೆ, ಹೆಸರು ಬೇಡ, ಬಸ್ ನಿಲ್ದಾಣದ ಎದುರಿನ ಕಟ್ಟಡದ ಮಹಡಿಯಲ್ಲಿರುವ ಒಂದು ಹಣಕಾಸು ಶಾಖೆಯಲ್ಲಿ ಎಂಟ್ರಿ ಕೆಲಸ ಮಾಡುತ್ತಾರೆ. ಒಂದೇ ಹಾಲು, ಹನ್ನೊಂದು ಜನ. ನಾಲ್ಕು ಜನ ದಿನವಿಡೀ ಫೋನಿನಲ್ಲಿ ಕಂತು ಬಾಕಿ ಕೇಳುವವರು. ಪ್ರಿಂಟರ್ ಕರಕರ, ನೋಟು ಎಣಿಸುವ ಮೆಷಿನ್ ಬರ್‍ರ್, ಕರೆಂಟು ಹೋದರೆ ಯುಪಿಎಸ್ಸಿನ ಕುಂಯ್ ಕುಂಯ್, ಕಬ್ಬಿಣದ ಕಪಾಟಿನ ಬಾಗಿಲು ದಡಾರ್, ಕಿಟಕಿಯಿಂದ ಬಸ್ಸಿನ ಹಾರನ್ನು, ಕಂಡಕ್ಟರನ ಸೀಟಿ. ನೆಲ ಟೈಲ್ಸ್, ಗೋಡೆ ಬರೀ ಗೋಡೆ. ಒಂದು ಸದ್ದು ಎದ್ದರೆ ನಾಲ್ಕು ಕಡೆ ಬಡಿದು ವಾಪಸ್ ಬರುತ್ತದೆ.

ಸೇರಿದ ಆರು ತಿಂಗಳಲ್ಲಿ ಇವರಿಗೆ ಮಧ್ಯಾಹ್ನ ಮೂರರ ಮೇಲೆ ತಲೆ ಚಿಟ್ಟು ಹಿಡಿಯಲು ಶುರುವಾಯಿತು. ಎಂಟ್ರಿಯಲ್ಲಿ ತಪ್ಪು. ಒಂದು ದಿನ 1,500 ರೂಪಾಯಿ ಕಟ್ಟಿದವರ ಖಾತೆಗೆ 15,000 ಬಿತ್ತು. ಮ್ಯಾನೇಜರು ಎಲ್ಲರೆದುರು ಬೈದರು. ಇವರು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ನಿಲ್ಲುವುದು ಹೆಚ್ಚಾಯಿತು. ಮನೆಗೆ ಬಂದರೆ ಕುಕ್ಕರ್ ಸೀಟಿ ಹೊಡೆದರೂ ಮಕ್ಕಳ ಮೇಲೆ ರೇಗುವುದು. ಅತ್ತೆ ಕೇಳಿದರಂತೆ, "ಕುರ್ಚಿ ಮೇಲೆ ಕೂತು ಬರೋಳಿಗೆ ಏನಮ್ಮ ಸುಸ್ತು?" ಕೊನೆಗೆ ಕೆಲಸ ಬಿಡುತ್ತೇನೆ ಅಂತ ಸಂಘದಲ್ಲಿ ಹೇಳಿದರು. ಸಂಘಕ್ಕೆ ಗಾಬರಿ, ಯಾಕಂದ್ರೆ ಇವರ ಸಾಲದ ಕಂತು ಈ ಸಂಬಳದ ಮೇಲೆಯೇ ನಿಂತಿತ್ತು. ಸಭೆಯಲ್ಲಿ ಬಂದ ಮೊದಲ ಸಲಹೆ, "ಸದ್ದಿಗೆಲ್ಲ ಯಾರಾದ್ರೂ ಕೆಲಸ ಬಿಡ್ತಾರಾ? ಅಡ್ಜಸ್ಟ್ ಮಾಡ್ಕೋ." ಇನ್ನೊಬ್ಬರು ಅಕ್ಕಮಹಾದೇವಿಯವರ ಸಂತೆಯ ವಚನವನ್ನೇ ನೆನಪಿಸಿದರು. ಆ ವಚನ ಮನಸ್ಸಿನ ಸಮಾಧಾನದ ಬಗ್ಗೆ, ಹೊಗಳಿಕೆ ತೆಗಳಿಕೆಯ ಬಗ್ಗೆ ಹೇಳಿದ್ದು. ಕಿಟಕಿ ಮುಚ್ಚಬೇಡ, ಕುರ್ಚಿ ಬದಲಿಸಬೇಡ ಅಂತ ಅದರಲ್ಲಿ ಎಲ್ಲೂ ಇಲ್ಲ.

ಕೆಲವರಿಗೆ ಯಾಕೆ ಹೀಗೆ?

ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲ. ನಿದ್ದೆಯಲ್ಲೂ ಕಿವಿ ತೆರೆದೇ ಇರುತ್ತದೆ. ಮಗು ಕುಂಯ್ ಅಂದರೆ ತಾಯಿ ಏಳುವುದು ಅದಕ್ಕೇ. ಕಿವಿಗೆ ಬಂದ ಎಲ್ಲ ಸದ್ದನ್ನೂ ಮಿದುಳು ಜರಡಿ ಹಿಡಿಯುತ್ತದೆ. ಬೇಕಾದ್ದನ್ನು ಒಳಗೆ ಬಿಟ್ಟು ಬೇಡದ್ದನ್ನು ಪಕ್ಕಕ್ಕೆ ಸರಿಸುತ್ತದೆ. ಕೆಲವರ ಜರಡಿಯ ಕಣ್ಣು ದೊಡ್ಡದು, ಎಲ್ಲವೂ ಒಳಗೆ ಬರುತ್ತದೆ. ಅದು ಅವರ ಸ್ವಭಾವದ ದೋಷ ಅಲ್ಲ. ಫಿನ್‌ಲ್ಯಾಂಡ್ ದೇಶದಲ್ಲಿ ಅವಳಿಗಳನ್ನು ಇಟ್ಟುಕೊಂಡು ಮಾಡಿ 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಸದ್ದು ತಾಳುವ ಶಕ್ತಿಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಮೂರನೇ ಒಂದು ಪಾಲು ಹುಟ್ಟಿನಿಂದಲೇ, ವಂಶದಿಂದ ಬಂದದ್ದು. ಒಬ್ಬರಿಗೆ ಖಾರ ತಡೆಯುತ್ತದೆ, ಇನ್ನೊಬ್ಬರಿಗೆ ಇಲ್ಲ. ಇದೂ ಹಾಗೇ.

ಆದರೆ ಎಲ್ಲರ ತೊಂದರೆಯೂ ಒಂದೇ ಜಾತಿಯದ್ದಲ್ಲ. ಕೆಲವರಿಗೆ ಸಾಮಾನ್ಯ ಸದ್ದೂ ಅತಿ ಜೋರಾಗಿ, ಕಿವಿಯಲ್ಲಿ ನೋವಾಗುವಂತೆ ಕೇಳುತ್ತದೆ. ತಟ್ಟೆ ಲೋಟ ತಾಗಿದ ಸದ್ದು ಚುಚ್ಚಿದ ಹಾಗೆ. ಇದನ್ನು ವೈದ್ಯರು ಹೈಪರ್‌ಅಕ್ಯೂಸಿಸ್ ಅನ್ನುತ್ತಾರೆ. ಇನ್ನು ಕೆಲವರಿಗೆ ಸದ್ದಿನ ಜೋರು ಮುಖ್ಯವಲ್ಲ, ಯಾವ ಸದ್ದು ಅನ್ನುವುದು ಮುಖ್ಯ. ಪಕ್ಕದವರು ಚಪ್ಪರಿಸಿ ತಿನ್ನುವುದು, ಮೂಗು ಎಳೆಯುವುದು, ಪೆನ್ನಿನ ತುದಿ ಟಕ್ ಟಕ್ ಒತ್ತುವುದು ಕೇಳಿದರೆ ಸಾಕು, ತಡೆಯಲಾರದ ಸಿಟ್ಟು, ಅಸಹ್ಯ. ಇದಕ್ಕೆ ಮಿಸೋಫೋನಿಯಾ ಅಂತ ಹೆಸರು. ಹೆಸರು ಬಂದದ್ದೇ 2001ರ ಹೊತ್ತಿಗೆ, ಹಾಗಾಗಿ ಹಳೆಯ ಡಾಕ್ಟರುಗಳಿಗೂ ಇದರ ಪರಿಚಯ ಕಡಿಮೆ ಇರಬಹುದು. ಮೈಗ್ರೇನ್ ಅಂದರೆ ಅರೆತಲೆನೋವು ಇರುವವರಿಗೆ ನೋವು ಬಂದಾಗ ಸದ್ದು, ಬೆಳಕು ಎರಡೂ ಆಗುವುದಿಲ್ಲ. ಆಟಿಸಂ ಇರುವ ಅನೇಕರಿಗೆ ಗದ್ದಲ ಅಂದರೆ ಹಿಂಸೆ.

ವಿಚಿತ್ರ ಅನ್ನಿಸಬಹುದು, ಕಿವಿ ಮಂದ ಆಗುತ್ತಿರುವವರಿಗೂ ಜೋರು ಸದ್ದು ತಾಳುವುದಿಲ್ಲ. ಮನೆಯಲ್ಲಿ ಅಜ್ಜಿ "ಏನು? ಕೇಳಿಸ್ತಿಲ್ಲ" ಅಂತಾರೆ, ನಾವು ಸ್ವಲ್ಪ ಗಟ್ಟಿಯಾಗಿ ಹೇಳಿದರೆ "ಯಾಕೆ ಕಿರುಚ್ತೀಯ" ಅಂತ ಬೈತಾರೆ. ಅದು ಅಜ್ಜಿಯ ಹಟ ಅಲ್ಲ. ಒಳಗಿವಿಯ ಸೂಕ್ಷ್ಮ ಕೋಶಗಳು ಹಾಳಾದಾಗ ಸಣ್ಣ ಸದ್ದು ಕೇಳುವುದಿಲ್ಲ, ದೊಡ್ಡ ಸದ್ದು ಇದ್ದಕ್ಕಿದ್ದಂತೆ ತುಂಬಾ ದೊಡ್ಡದಾಗಿ ಕೇಳುತ್ತದೆ. ಆದ್ದರಿಂದ ಐವತ್ತರ ಆಚೆಗಿನ ಸದಸ್ಯೆ "ಸದ್ದು ಆಗಲ್ಲ" ಅಂದರೆ ಕಿವಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಎಷ್ಟು ಸದ್ದು ಅನ್ನುವುದಕ್ಕಿಂತ ಯಾವ ಸದ್ದು

ಸದ್ದನ್ನು ಅಳೆಯುವ ಅಳತೆ ಡೆಸಿಬೆಲ್. ನಾವು ಎದುರುಬದುರು ಮಾತಾಡುವುದು ಸುಮಾರು 60 ಡೆಸಿಬೆಲ್. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ದಾಟಿದ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದರೆ ಕಿವಿ ಹಾಳಾಗುವ ಅಪಾಯ ಇದೆ ಅಂತ ಆರೋಗ್ಯ ತಜ್ಞರು ಹೇಳುತ್ತಾರೆ. ಸಾಧಾರಣ ಕಚೇರಿಯಲ್ಲಿ ಅಷ್ಟು ಇರುವುದಿಲ್ಲ. ಅಂದರೆ ಕಚೇರಿಯ ಗದ್ದಲದಿಂದ ಕಿವುಡು ಬರುವುದಿಲ್ಲ. ಆದ್ದರಿಂದಲೇ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಒಂದು ಮಾತು ನಡುವೆ ಹೇಳಬೇಕು. ಗಾರ್ಮೆಂಟ್ಸ್, ಅಕ್ಕಿ ಗಿರಣಿ, ಗೇರುಬೀಜದ ಕಾರ್ಖಾನೆ, ಮಗ್ಗದ ಶೆಡ್ಡಿಗೆ ಹೋಗುವ ಸಹೋದರಿಯರಿಗೆ ಅಪಾಯ ಬೇರೆ. ಒಂದು ತೋಳಿನಷ್ಟು ದೂರದಲ್ಲಿ ನಿಂತವರ ಜೊತೆ ಮಾತಾಡಲು ನೀವು ಗಂಟಲು ಏರಿಸಬೇಕಾದರೆ ಅಲ್ಲಿಯ ಸದ್ದು 85ರ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು ಅಂತ ತಿಳಿಯಿರಿ. ಒಳಗಿವಿಯಲ್ಲಿ ಸುಮಾರು 15,000 ಕೂದಲು ಕೋಶಗಳಿವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಅಲ್ಲಿ ಕಿವಿಗೆ ರಕ್ಷಣೆ ಕೊಡುವುದು ಮಾಲೀಕರ ಜವಾಬ್ದಾರಿ, ದಾಕ್ಷಿಣ್ಯ ಅಲ್ಲ. ಶಬ್ದದಿಂದ ಬರುವ ಕಿವುಡು ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಇಎಸ್‌ಐ ಕಾರ್ಡು ಇರುವವರು ಇಎಸ್‌ಐ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಕೇಳಿರಿ. ಇದರ ಬಗ್ಗೆ ಬೇರೆಯೇ ಪಾಠ ಬೇಕು.

ಮತ್ತೆ ಕಚೇರಿಗೆ ಬರೋಣ. ಕಿವುಡು ಬರುವುದಿಲ್ಲ ಅಂದಮಾತ್ರಕ್ಕೆ ಏನೂ ಆಗುವುದಿಲ್ಲ ಅಂತ ಅಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಕಚೇರಿ ಗುಮಾಸ್ತಿಕೆಯ 40 ಮಹಿಳೆಯರು. ಅರ್ಧ ಜನರನ್ನು ಶಾಂತ ಕೋಣೆಯಲ್ಲಿ, ಇನ್ನರ್ಧ ಜನರನ್ನು ಸಾಮಾನ್ಯ ಕಚೇರಿಯಷ್ಟೇ ಗದ್ದಲ ಇರುವ ಕೋಣೆಯಲ್ಲಿ ಮೂರು ಗಂಟೆ ಕೂರಿಸಿದರು. ಗದ್ದಲದಲ್ಲಿ ಕೂತವರು ನಮಗೆ ಒತ್ತಡ ಹೆಚ್ಚಾಯಿತು ಅಂತ ಹೇಳಲಿಲ್ಲ. ಆದರೆ ಮೂತ್ರ ಪರೀಕ್ಷೆ ಮಾಡಿದಾಗ ಗಾಬರಿಯ ಹೊತ್ತಿನಲ್ಲಿ ಮೈಯಲ್ಲಿ ಏರುವ ಅಡ್ರಿನಲಿನ್ ಹೆಚ್ಚಾಗಿತ್ತು. ಆಮೇಲೆ ಕೊಟ್ಟ ಕಠಿಣ ಒಗಟನ್ನು ಅವರು ಬೇಗ ಕೈಬಿಟ್ಟರು. ಕುರ್ಚಿಯಲ್ಲಿ ಮೈ ಸರಿಮಾಡಿ ಕೂರುವುದನ್ನೂ ಕಡಿಮೆ ಮಾಡಿದ್ದರು, ಅಂದರೆ ಬೆನ್ನುನೋವಿಗೂ ದಾರಿ. ಬಾಯಿ ಏನೂ ಇಲ್ಲ ಅಂದರೂ ಮೈ ಲೆಕ್ಕ ಇಟ್ಟಿರುತ್ತದೆ.

ಇನ್ನೊಂದು ವಿಷಯ. ನಮಗೆ ಅರ್ಥವಾಗುವ ಭಾಷೆಯ ಮಾತು, ಅರ್ಥವಿಲ್ಲದ ಸದ್ದಿಗಿಂತ ಕೆಲಸ ಹೆಚ್ಚು ಕೆಡಿಸುತ್ತದೆ. ಫ್ಯಾನಿನ ಸದ್ದನ್ನು ಮಿದುಳು ಮರೆಯುತ್ತದೆ, ಮಾತನ್ನು ಮರೆಯಲಾರದು. ಅದರಲ್ಲೂ ಫೋನಿನ ಮಾತು. ಇಬ್ಬರು ಎದುರುಬದುರು ಮಾತಾಡಿದರೆ ಅಷ್ಟು ತೊಂದರೆ ಇಲ್ಲ, ಒಬ್ಬರ ಮಾತು ಮಾತ್ರ ಕೇಳಿದರೆ ಆ ಕಡೆಯವರು ಏನಂದರೋ ಅಂತ ಮಿದುಳು ತನಗೆ ಗೊತ್ತಿಲ್ಲದೆ ಹುಡುಕುತ್ತಿರುತ್ತದೆ. 2010ರಲ್ಲಿ ಅದೇ ಕಾರ್ನೆಲ್‌ನವರು ಇದನ್ನೂ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಬಸ್ಸಿನಲ್ಲಿ ಪಕ್ಕದವರ ಫೋನು ಮಾತು ಕಿರಿಕಿರಿ ಅನ್ನಿಸುವುದು ನಿಮಗೆಲ್ಲ ಗೊತ್ತಿದ್ದದ್ದೇ.

ಮೂರನೆಯದೇ ನಮ್ಮ ಪಾಠದ ತಿರುಳು. ಅಮೆರಿಕದ ಗ್ಲಾಸ್ ಮತ್ತು ಸಿಂಗರ್ ಎಂಬ ಇಬ್ಬರು ಮನೋವಿಜ್ಞಾನಿಗಳು 1972ರಲ್ಲಿ ಪ್ರಕಟಿಸಿದ ಪ್ರಯೋಗಗಳಿವೆ. ಎರಡು ಗುಂಪಿಗೂ ಯಾವಾಗ ಬರುತ್ತದೆ ಅಂತ ಗೊತ್ತಾಗದ ಜೋರು ಸದ್ದು ಕೇಳಿಸಿದರು. ಒಂದು ಗುಂಪಿಗೆ ಮಾತ್ರ ಒಂದು ಗುಂಡಿ ತೋರಿಸಿ, "ತೀರಾ ತಾಳದಿದ್ದರೆ ಇದನ್ನು ಒತ್ತಿ, ಸದ್ದು ನಿಲ್ಲುತ್ತದೆ, ಆದರೆ ಒತ್ತದಿದ್ದರೆ ಒಳ್ಳೆಯದು" ಅಂದರು. ಬಹುತೇಕರು ಒತ್ತಲೇ ಇಲ್ಲ. ಆದರೂ ಆಮೇಲಿನ ಕೆಲಸದಲ್ಲಿ ಗುಂಡಿ ಇದ್ದವರು ಕಡಿಮೆ ತಪ್ಪು ಮಾಡಿದರು, ಹೆಚ್ಚು ಹೊತ್ತು ತಾಳ್ಮೆಯಿಂದ ಕೂತರು. ಕೇಳಿದ ಸದ್ದು ಎರಡೂ ಗುಂಪಿಗೆ ಒಂದೇ. ವ್ಯತ್ಯಾಸ ಒಂದೇ ಒಂದು, ಬೇಕಾದರೆ ನಿಲ್ಲಿಸಬಹುದು ಅನ್ನುವ ಹಿಡಿತ ಇವರ ಕೈಯಲ್ಲಿತ್ತು.

ನಾವು ಸಂಘ ಕಟ್ಟಿದ್ದೂ ಇದಕ್ಕೇ ಅಲ್ಲವೇ? ದುಡ್ಡು ಅಷ್ಟೇ ಇದ್ದರೂ, ಅದರ ಮೇಲೆ ನಮ್ಮ ಹಿಡಿತ ಬಂದಾಗ ನಿದ್ದೆ ಬರುತ್ತದೆ. ಸದ್ದಿನ ವಿಷಯದಲ್ಲೂ ನಾವು ಹುಡುಕಬೇಕಾದದ್ದು ಪೂರ್ತಿ ನಿಶ್ಶಬ್ದವನ್ನಲ್ಲ, ಅದು ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಒಂದು ಸಣ್ಣ ಗುಂಡಿಯನ್ನು ಹುಡುಕಬೇಕು.

ಮೊದಲು ಬರೆದಿಡಿ

ನಮ್ಮ ಆ ಸದಸ್ಯೆಗೆ ಮೊದಲು ಹೇಳಿದ್ದು ಇಷ್ಟೇ: ರಾಜೀನಾಮೆ ಒಂದು ವಾರ ನಿಲ್ಲಲಿ, ಒಂದು ಸಣ್ಣ ಪುಸ್ತಕದಲ್ಲಿ ಬರೆಯಿರಿ. ಎಷ್ಟು ಗಂಟೆಗೆ, ಯಾವ ಸದ್ದು, ಆಗ ಏನು ಕೆಲಸ ಮಾಡುತ್ತಿದ್ದೆ, ಹತ್ತರಲ್ಲಿ ಎಷ್ಟು ಹಿಂಸೆ ಆಯಿತು. ಸಂಘದ ಲೆಕ್ಕ ಬರೆದವರಿಗೆ ಇದೇನು ಹೊಸದಲ್ಲ.

ವಾರ ಕಳೆದ ಮೇಲೆ ಪುಸ್ತಕ ನೋಡಿದರೆ ಅವರಿಗೇ ಆಶ್ಚರ್ಯ. ಅವರು ಬೈಯುತ್ತಿದ್ದುದು ಬಸ್ಸಿನ ಹಾರನ್ನಿಗೆ, ಪ್ರಿಂಟರಿಗೆ. ಪುಸ್ತಕದಲ್ಲಿ ಎಂಟು, ಒಂಬತ್ತು ಅಂಕ ಬಿದ್ದದ್ದೆಲ್ಲ ಹಿಂದಿನ ಮೇಜಿನವರು ಫೋನಿನಲ್ಲಿ ಕಂತು ಕೇಳುವ ಹೊತ್ತಿನಲ್ಲಿ, ಅದೂ ಹನ್ನೊಂದರಿಂದ ಒಂದು, ಮೂರರಿಂದ ಐದು. ತಪ್ಪು ಎಂಟ್ರಿಗಳೂ ಅದೇ ಹೊತ್ತಿನವು. ಪ್ರಿಂಟರಿಗೆ ನಾಲ್ಕರ ಮೇಲೆ ಬಿದ್ದಿರಲೇ ಇಲ್ಲ. ಬರೆಯದೆ ಇದ್ದಿದ್ದರೆ ಪ್ರಿಂಟರು ತೆಗೆಸಲು ಜಗಳವಾಡಿ ಸೋಲುತ್ತಿದ್ದರು.

ಆಮೇಲೆ ಅವರು ಮಾಡಿದ್ದು ಕೇಳಿ. ಪ್ರಿಂಟರಿನ ಪಕ್ಕ ಯಾರಿಗೂ ಬೇಡದ ಒಂದು ಜಾಗ ಇತ್ತು. ಅಲ್ಲಿಗೆ ತಮ್ಮ ಕುರ್ಚಿಯನ್ನು ತಾವೇ ಕೇಳಿ ಹಾಕಿಸಿಕೊಂಡರು! ಫೋನಿನವರಿಗೂ ಇವರಿಗೂ ನಡುವೆ ಫೈಲಿನ ರ್‍ಯಾಕ್ ಬಂತು. ಪ್ರಿಂಟರಿನ ಕೆಳಗೆ ಹಳೆಯ ರಬ್ಬರ್ ಮ್ಯಾಟನ್ನು ಎರಡು ಮಡಿಕೆ ಮಾಡಿ ಹಾಕಿದರು, ಕಬ್ಬಿಣದ ಮೇಜು ನಡುಗುವುದು ನಿಂತು ಸದ್ದು ಇಳಿಯಿತು. ಅಂಕಿ ಜಾಸ್ತಿ ಇರುವ ಎಂಟ್ರಿಯನ್ನು ಬೆಳಿಗ್ಗೆ ಫೋನು ಶುರುವಾಗುವ ಮೊದಲು ಮುಗಿಸುವುದು, ಫೈಲು ಜೋಡಿಸುವುದು, ಸೀಲು ಒತ್ತುವುದು ಗದ್ದಲದ ಹೊತ್ತಿಗೆ. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಇತರರು ತಮ್ಮ ಕಚೇರಿಯಲ್ಲಿ ಮಾಡಿಕೊಂಡ ಕೆಲವು ಉಪಾಯಗಳನ್ನೂ ಹೇಳುತ್ತೇವೆ. ಕುರ್ಚಿ ಕಾಲಿಗೆ ರಬ್ಬರ್ ಬುಷ್, ಕಪಾಟಿನ ಬಾಗಿಲ ಅಂಚಿಗೆ ಸ್ಪಂಜಿನ ಪಟ್ಟಿ, ಕಟಕಟ ಅನ್ನುವ ಫ್ಯಾನಿಗೆ ಎಣ್ಣೆ ಅಥವಾ ಬೋಲ್ಟು ಬಿಗಿ, ಬರಿಯ ಗೋಡೆಗೆ ದಪ್ಪ ಬಟ್ಟೆಯ ಪರದೆ, ನೆಲಕ್ಕೆ ನಾರಿನ ಚಾಪೆ. ಗಟ್ಟಿ ಗೋಡೆ ಸದ್ದನ್ನು ಎಸೆಯುತ್ತದೆ, ಮೆತ್ತಗಿನ ವಸ್ತು ನುಂಗುತ್ತದೆ. ಕಿಟಕಿ ಮುಚ್ಚಿದರೆ ಹೊರಗಿನ ಸದ್ದು ಎಷ್ಟೋ ಕಡಿಮೆ, ಆದರೆ ಸೆಖೆಯ ಊರಲ್ಲಿ ಈ ಸಲಹೆ ಕೊಡಲು ನಮಗೇ ಧೈರ್ಯ ಸಾಲದು. ಟೇಬಲ್ ಫ್ಯಾನಿನ ಒಂದೇ ಸಮನೆಯ ಸದ್ದು ದೂರದ ಮಾತನ್ನು ಸ್ವಲ್ಪ ಮುಚ್ಚಿಹಾಕುತ್ತದೆ, ಕೆಲವರಿಗೆ ಅದೇ ದೊಡ್ಡ ಸಹಾಯ.

ಕಿವಿಗೆ ಹತ್ತಿ ಇಟ್ಟುಕೊಳ್ಳಬಹುದೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹತ್ತಿಯಿಂದ ಹೆಚ್ಚು ಪ್ರಯೋಜನ ಇಲ್ಲ, ಸದ್ದು ಅದರೊಳಗಿಂದ ಬಂದೇ ಬರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸ್ಪಂಜಿನ ಇಯರ್‌ಪ್ಲಗ್ ಸಿಗುತ್ತದೆ. ತೊಳೆದ ಕೈಯಲ್ಲಿ ಅದನ್ನು ಬತ್ತಿಯಂತೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಬೆರಳಿನಿಂದ ಹಿಡಿದಿರಬೇಕು. ಸುಮ್ಮನೆ ಬಾಯಿಗೆ ಮುಚ್ಚಳ ಇಟ್ಟ ಹಾಗೆ ಇಟ್ಟರೆ ಕೆಲಸ ಮಾಡುವುದಿಲ್ಲ. ಕಿವಿ ಸೋರುವವರು, ಕಿವಿನೋವು ಇರುವವರು ಹಾಕಬಾರದು.

ಆದರೆ ಇಲ್ಲಿ ಎಚ್ಚರಿಕೆ ಬೇಕು. ಇಡೀ ದಿನ ಕಿವಿ ಮುಚ್ಚಿಕೊಂಡರೆ ತೊಂದರೆ ಹೆಚ್ಚಾಗುತ್ತದೆ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಿವಿ ಚೆನ್ನಾಗಿರುವ ಕೆಲವರಿಗೆ ಎರಡು ವಾರ ಇಯರ್‌ಪ್ಲಗ್ ಹಾಕಿಸಿದರು. ತೆಗೆದ ಮೇಲೆ ಅವರಿಗೆ ಮೊದಲಿಗಿಂತ ಸಣ್ಣ ಸದ್ದೂ ಜೋರಾಗಿ ಕೇಳತೊಡಗಿತು. ಇನ್ನೊಂದು ಗುಂಪಿಗೆ ಎರಡು ವಾರ ಮೆಲ್ಲನೆಯ ಶೂ ಎಂಬ ಸದ್ದು ಕೇಳಿಸಿದರೆ ಅವರ ತಾಳುವ ಶಕ್ತಿ ಹೆಚ್ಚಾಯಿತು. ಕತ್ತಲೆಯಿಂದ ಬಿಸಿಲಿಗೆ ಬಂದರೆ ಕಣ್ಣು ಚುಚ್ಚುವುದಿಲ್ಲವೇ, ಹಾಗೆ. ಆದ್ದರಿಂದ ಜನರೇಟರು ಓಡುವಾಗ, ಡ್ರಿಲ್ಲಿಂಗ್ ನಡೆಯುವಾಗ, ತಪ್ಪಬಾರದ ಒಂದು ಗಂಟೆಯ ಲೆಕ್ಕ ಇರುವಾಗ ಹಾಕಿ, ಆಮೇಲೆ ತೆಗೆಯಿರಿ. ರಸ್ತೆ ದಾಟುವಾಗ ಬೇಡವೇ ಬೇಡ. ಮೊಬೈಲಿನ ಇಯರ್‌ಫೋನ್ ಹಾಕಿ ಗದ್ದಲಕ್ಕಿಂತ ಜೋರಾಗಿ ಹಾಡು ಕೇಳುವ ಮಕ್ಕಳಿಗೂ ಹೇಳಿ, ಅದು ಬೆಂಕಿ ಆರಿಸಲು ಸೀಮೆಎಣ್ಣೆ ಹಾಕಿದ ಹಾಗೆ.

ಹೇಗೆ ಕೇಳುವುದು?

ನಮ್ಮ ಹೆಣ್ಣುಮಕ್ಕಳಿಗೆ ಕಷ್ಟ ಇದೇ. ಒಂದೋ ಬಾಯಿ ಮುಚ್ಚಿ ಸಹಿಸುತ್ತಾರೆ, ಇಲ್ಲವೇ ಒಂದು ದಿನ ಸಿಡಿದು ಜಗಳ ಮಾಡಿ ಚಪ್ಪಲಿ ಮೆಟ್ಟಿಕೊಂಡು ಬರುತ್ತಾರೆ. ನಡುವಿನ ದಾರಿ ಕಲಿಯಬೇಕು. ಸಹೋದ್ಯೋಗಿಗೆ ಹೇಳುವಾಗ ಅವರ ದನಿಯನ್ನು ಹೀಗಳೆಯಬಾರದು, ಪಾಪ ಅವರೂ ಟಾರ್ಗೆಟ್ಟಿಗಾಗಿ ಕೂಗುತ್ತಿರುವವರು. ಗದ್ದಲದ ಹೊತ್ತಿನಲ್ಲೇ ಹೇಳದೆ ಊಟದ ಹೊತ್ತಿನಲ್ಲಿ ಹೇಳಿ. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ನನಗೆ ಮೊದಲಿಂದ ಸದ್ದು ಜಾಸ್ತಿ ಆದ್ರೆ ತಲೆನೋವು ಬರುತ್ತೆ, ಲೆಕ್ಕ ತಪ್ಪುತ್ತೆ. ಸ್ಪೀಕರ್ ಹಾಕ್ದೆ ಮಾತಾಡಕ್ಕೆ ಆಗುತ್ತಾ? ನಿಮ್ಮ ಟೋಕನ್ ಎಂಟ್ರಿ ಬೇಕಾದ್ರೆ ನಾನು ಮಾಡಿಕೊಡ್ತೀನಿ." ಕೇಳುವಾಗ ಕೊಡುವುದೂ ಒಂದು ಇರಲಿ.

ಮೇಲಿನವರಿಗೆ ಹೇಳುವಾಗ ಕೆಲಸದ ಭಾಷೆಯಲ್ಲಿ ಹೇಳಬೇಕು. "ಸರ್, ನನಗೆ ಹಿಂಸೆ ಆಗ್ತಿದೆ" ಅಂದರೆ ಅವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ನಮ್ಮ ಸದಸ್ಯೆ ಪುಸ್ತಕ ತೆಗೆದುಕೊಂಡೇ ಹೋದರು. "ಸರ್, ಈ ವಾರ ನನ್ನ ಕೈಯಲ್ಲಿ ಆರು ತಪ್ಪು ಆಗಿದೆ, ಆರೂ ಫೋನ್ ಜಾಸ್ತಿ ಇರೋ ಹೊತ್ತಲ್ಲಿ. ಜಾಗ ಬದಲಾಯಿಸಿ ಕೊಟ್ರೆ ಒಂದು ತಿಂಗಳು ನೋಡೋಣ ಸರ್, ಸರಿ ಹೋಗ್ಲಿಲ್ಲ ಅಂದ್ರೆ ವಾಪಸ್ ಬರ್ತೀನಿ." ಒಂದು ತಿಂಗಳು ಅನ್ನುವ ಮಾತು ಮುಖ್ಯ. ಶಾಶ್ವತವಾಗಿ ಕೇಳಿದರೆ ಹೆದರುವವರು ಪರೀಕ್ಷೆಗೆ ಒಪ್ಪುತ್ತಾರೆ.

ಮ್ಯಾನೇಜರು ಜಾಗಕ್ಕೆ ಒಪ್ಪಿದರು. ಇಯರ್‌ಪ್ಲಗ್‌ಗೆ ಒಪ್ಪಲಿಲ್ಲ, ಗ್ರಾಹಕರು ಕರೆದರೆ ಕೇಳಿಸದು ಅಂದರು, ಅದೂ ನ್ಯಾಯವೇ. ಆದರೆ ತಾವಾಗಿಯೇ ಒಂದು ಮಾತು ಸೇರಿಸಿದರು: "ತೀರಾ ಆಗ್ಲಿಲ್ಲ ಅಂದ್ರೆ ಫೈಲ್ ರೂಮಲ್ಲಿ ಹತ್ತು ನಿಮಿಷ ಕೂತು ಬಾಮ್ಮ." ಅದೇ ನೋಡಿ, ಗುಂಡಿ! ಮೊದಲ ತಿಂಗಳಲ್ಲಿ ಇವರು ಫೈಲ್ ರೂಮಿಗೆ ಹೋದದ್ದು ಎರಡೇ ಸಲ. ಹೋಗಬಹುದು ಅಂತ ಗೊತ್ತಿದ್ದುದೇ ಸಾಕಾಯಿತು. ಬಾತ್‌ರೂಮಿನಲ್ಲಿ ನಿಲ್ಲುವುದು ನಿಂತಿತು. ತಿಂಗಳ ಕೊನೆಯ ಮೂರು ದಿನ, ವಸೂಲಿಯ ಭರ ಇರುವಾಗ, ಈಗಲೂ ಸಂಜೆಗೆ ತಲೆನೋವು ಇದ್ದೇ ಇದೆ. ಕೆಲಸ ಬಿಟ್ಟಿಲ್ಲ.

ಎಲ್ಲ ಮೇಲಧಿಕಾರಿಗಳೂ ಹೀಗಿರುವುದಿಲ್ಲ, ಅದು ನಮಗೆ ಗೊತ್ತಿದೆ. ಕಾನೂನು ಏನು ಹೇಳುತ್ತದೆ? 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಾಣಿಜ್ಯ ಪ್ರದೇಶಕ್ಕೆ ಹಗಲು 65, ರಾತ್ರಿ 55 ಡೆಸಿಬೆಲ್, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಅಂತ ಮಿತಿ ಇದೆ. ಆದರೆ ಅದು ಹೊರಗಿನ ಸದ್ದಿಗೆ. ಪಕ್ಕದ ಅಂಗಡಿಯ ಲೌಡ್‌ಸ್ಪೀಕರಿಗೆ ದೂರು ಕೊಡಲು ಉಪಯೋಗಕ್ಕೆ ಬರುತ್ತದೆ, ಒಳಗಿನ ಫೋನಿಗೆ ಬರುವುದಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಆಟಿಸಂ, ಶ್ರವಣದೋಷ ಎರಡೂ ಸೇರಿವೆ. ಆ ಪ್ರಮಾಣಪತ್ರ ಇರುವವರು ಕೆಲಸದ ಜಾಗದಲ್ಲಿ ತಮಗೆ ಬೇಕಾದ ಅನುಕೂಲ ಕೇಳಲು ಅದು ಆಧಾರ. ಪ್ರಮಾಣಪತ್ರ ಇಲ್ಲದೆ ಬರೀ ಸದ್ದು ತಾಳದವರಿಗೆ ಮಾತು, ಪುಸ್ತಕ, ಜೊತೆಗಾರರು, ಇವೇ ಆಯುಧ. ಇಬ್ಬರು ಮೂವರು ಸೇರಿ ಕೇಳಿದರೆ ಒಬ್ಬಳ ದಿಮಾಕು ಅನ್ನಿಸಿಕೊಳ್ಳುವುದಿಲ್ಲ.

ಮನೆ ಮತ್ತು ಸಂಘ

ಎಂಟು ಗಂಟೆ ಗದ್ದಲದಲ್ಲಿ ಇದ್ದು ಬಂದವರಿಗೆ ಮನೆಗೆ ಬಂದ ತಕ್ಷಣ ಟಿವಿ, ಮಿಕ್ಸಿ, ಮೊಬೈಲಿನ ರೀಲ್ಸ್ ಎಲ್ಲ ಒಟ್ಟಿಗೆ ಬೇಡ. ಇಪ್ಪತ್ತು ನಿಮಿಷ ಬಿಟ್ಟುಕೊಡಿ. ಹಿತ್ತಲಲ್ಲಿ ಕೂರಲಿ, ಗಿಡಕ್ಕೆ ನೀರು ಹಾಕಲಿ. ಗಂಡನಿಗೂ ಅತ್ತೆಗೂ ಇದನ್ನು ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ "ಬಂದೋಳೇ ಮುಖ ಊದಿಸ್ಕೊಂಡು ಕೂತ್ಲು" ಅನ್ನುತ್ತಾರೆ. ನಿದ್ದೆ ಕೆಟ್ಟರೆ, ಊಟ ತಪ್ಪಿದರೆ, ಮುಟ್ಟಿನ ದಿನಗಳಲ್ಲಿ ಅನೇಕರಿಗೆ ಸದ್ದು ಇನ್ನೂ ಹೆಚ್ಚು ಕಾಡುತ್ತದೆ.

ಸಂಘದ ಸಭೆಯ ಬಗ್ಗೆಯೂ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಇಪ್ಪತ್ತು ಜನ ಒಟ್ಟಿಗೆ ಮಾತಾಡುತ್ತೇವೆ. ಅಧ್ಯಕ್ಷೆ ಮೇಜು ಬಡಿಯುತ್ತಾರೆ. ಒಕ್ಕೂಟದ ಸಭೆಗೆ ಚಿಕ್ಕ ಕೋಣೆಯಲ್ಲೂ ಮೈಕು, ಅದೂ ಕುಂಯ್ಯೋ ಅನ್ನುವ ಮೈಕು. ಯಾವಾಗಲೂ ಬಾಗಿಲ ಹತ್ತಿರ ಕೂತು, ಮಾತಾಡದೆ, ಸಹಿ ಹಾಕಿ ಬೇಗ ಎದ್ದು ಹೋಗುವ ಸದಸ್ಯೆ ನಿಮ್ಮ ಸಂಘದಲ್ಲಿದ್ದರೆ ಅವರನ್ನು ಒಮ್ಮೆ ಕೇಳಿ ನೋಡಿ. ಅವರಿಗೆ ಆಸಕ್ತಿ ಇಲ್ಲ ಅಂತ ನಾವು ತಿಳಿದುಕೊಂಡಿರುತ್ತೇವೆ.

ಯಾವಾಗ ವೈದ್ಯರ ಹತ್ತಿರ ಹೋಗಬೇಕು?

ಒಂದು ಕಿವಿ ಇದ್ದಕ್ಕಿದ್ದ ಹಾಗೆ ಕೇಳದಂತಾದರೆ ಕಾಯಬೇಡಿ, ಅದೇ ದಿನ ಅಥವಾ ಮರುದಿನ ಕಿವಿ ವೈದ್ಯರಿಗೆ ತೋರಿಸಿ. ಅದರ ಚಿಕಿತ್ಸೆ ಮೊದಲ ದಿನಗಳಲ್ಲಿ ಆದರೇ ಹೆಚ್ಚು ಫಲ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ನಿಲ್ಲದಿದ್ದರೆ, ತಲೆ ಸುತ್ತಿದರೆ, ಸಾಧಾರಣ ಸದ್ದಿಗೂ ಕಿವಿ ನೋಯುತ್ತಿದ್ದರೆ, ಸದ್ದಿನ ಭಯಕ್ಕೆ ಮದುವೆ, ಸಂತೆ, ದೇವಸ್ಥಾನ, ಚರ್ಚು ಎಲ್ಲ ಬಿಡುವಂತಾದರೆ ತೋರಿಸಲೇಬೇಕು. ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲಿ ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ ಸಂಸ್ಥೆ, ಕಿವಿ ಪರೀಕ್ಷೆಗೆ ದೂರದ ಊರುಗಳಿಂದಲೂ ಜನ ಬರುತ್ತಾರೆ. ಹೋಗುವಾಗ ಆ ಒಂದು ವಾರದ ಪುಸ್ತಕ ತೆಗೆದುಕೊಂಡು ಹೋಗಿ, ಡಾಕ್ಟರಿಗೆ ಅರ್ಧ ಕೆಲಸ ಸುಲಭ ಆಗುತ್ತದೆ. ಸದ್ದಿನ ಜೊತೆಗೆ ಮನಸ್ಸು ಕುಗ್ಗಿದ್ದರೆ, ನಿದ್ದೆ ಹೋಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಹೈಪರ್‌ಅಕ್ಯೂಸಿಸ್‌ಗೆ ಮೆಲ್ಲನೆಯ ಸದ್ದಿನಿಂದ ಶುರುಮಾಡಿ ಕಿವಿಯನ್ನು ನಿಧಾನಕ್ಕೆ ಪಳಗಿಸುವ ಚಿಕಿತ್ಸೆ ಮತ್ತು ಆಪ್ತಸಮಾಲೋಚನೆ ಇದೆ. ತಿಂಗಳುಗಟ್ಟಲೆ ಬೇಕಾಗುತ್ತದೆ.

ಸಭೆಯಲ್ಲಿ ಚರ್ಚಿಸಲು

ಎಲ್ಲರೂ ಎರಡು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಕೂರಿರಿ. ಕೇಳಿಸಿದ ಸದ್ದುಗಳನ್ನು ಒಬ್ಬೊಬ್ಬರಾಗಿ ಹೇಳಿ. ಎಲ್ಲರ ಪಟ್ಟಿಯೂ ಒಂದೇ ಆಗಿದೆಯೇ?

ನಮ್ಮ ಸಂಘದಲ್ಲಿ, ಮನೆಯಲ್ಲಿ, ಸದ್ದು ತಾಳದವರು ಯಾರಿದ್ದಾರೆ? ಅವರನ್ನು ನಾವು ಇಲ್ಲಿಯವರೆಗೆ ಏನೆಂದು ಕರೆದಿದ್ದೇವೆ?

ಇಬ್ಬರು ಎದ್ದು ನಿಂತು, ಒಬ್ಬರು ಮ್ಯಾನೇಜರ್, ಒಬ್ಬರು ಕೆಲಸದವರಾಗಿ, ಜಾಗ ಬದಲಿಸಿ ಕೊಡಿ ಅಂತ ಕೇಳುವುದನ್ನು ಮಾಡಿ ತೋರಿಸಿ. ಮ್ಯಾನೇಜರ್ ಆದವರು ಸುಲಭಕ್ಕೆ ಒಪ್ಪಬೇಡಿ. ಆಮೇಲೆ ಪಾತ್ರ ಬದಲಿಸಿ.

ಸಭೆಯ ಕೋಣೆಯಲ್ಲಿ ಈ ತಿಂಗಳು ಕಡಿಮೆ ಮಾಡಬಹುದಾದ ಒಂದು ಸದ್ದು ಯಾವುದು? ಯಾರು ಮಾಡುತ್ತಾರೆ, ಯಾವ ದಿನದೊಳಗೆ? ನಡಾವಳಿ ಪುಸ್ತಕದಲ್ಲಿ ಬರೆಯಿರಿ.